ಒಂದು ಸೀಸೆ, ನೂರು ಕೋಳಿ

ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಕುಂಚಾವರಂ ಕಡೆಯ ಹಳ್ಳಿ, ತಾಂಡಾಗಳಲ್ಲಿ ಜವಾರಿ ಕೋಳಿ ಸಾಕಿದವರು ಕೇಳುವುದು ಒಂದೇ ಮಾತು: "ಇದಕ್ಕ ಲಸಿಕಿ ಇಲ್ಲೇನ್ರಿ, ಡಾಕ್ಟ್ರೇ?"

ಫ್ರಾನ್ಸ್ 2023ರಿಂದ ತನ್ನ ಬಾತುಕೋಳಿಗಳಿಗೆ ಹಾಕುತ್ತಿದೆ. ನಮ್ಮಲ್ಲಿ ಎಚ್5ಎನ್1 ಹಕ್ಕಿಜ್ವರಕ್ಕೆ ಲಸಿಕೆ ಹಾಕುವ ಪದ್ಧತಿಯಿಲ್ಲ. ಲಸಿಕೆ ಪಡೆದ ಕೋಳಿ ಹೊರಗೆ ಗಟ್ಟಿಮುಟ್ಟಾಗಿ ಕಂಡು ಒಳಗೆ ವೈರಸ್ ಹೊತ್ತು ತಿರುಗಬಹುದು ಎಂಬ ಅಂಜಿಕೆ ಒಂದು ಕಾರಣ. ರೋಗ ಖಚಿತವಾದರೆ ಸುತ್ತಲಿನ 1 ಕಿ.ಮೀ. ಒಳಗಿನ ಕೋಳಿಗಳನ್ನು ಕೊಂದು, 10 ಕಿ.ಮೀ.ವರೆಗೆ ನಿಗಾ ಇಡುತ್ತಾರೆ. 2025ರಲ್ಲಿ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು.

ಆದರೆ ನಮ್ಮ ಹಿತ್ತಲನ್ನು ಬರಿದು ಮಾಡುವುದು ಹೆಚ್ಚಾಗಿ ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು ಭೇದಿ, ತಿರುಚಿದ ಕುತ್ತಿಗೆ, ಏದುಸಿರು. ಇದಕ್ಕೆ ಲಸಿಕೆ ದಶಕಗಳಿಂದ ಇದೆ. ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ತಯಾರಾಗುತ್ತದೆ. ಹಾಗಿದ್ದರೂ ಹಾಕಿಸುವವರು ಕಡಿಮೆ ಏಕೆ?

ಬಹಳ ಮಂದಿ ಅರಿವಿಲ್ಲ ಎನ್ನುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಸೀಸೆಯ ಲೆಕ್ಕ. ಸಣ್ಣ ಸೀಸೆಯಲ್ಲೂ ಸಾಮಾನ್ಯವಾಗಿ 100 ಕೋಳಿಗಾಗುವಷ್ಟು ಮದ್ದು. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಮನೆಯಲ್ಲಿರುವುದು ಎಂಟೋ ಹತ್ತೋ ಕೋಳಿ. ಒಬ್ಬರಿಗಾಗಿ ಸೀಸೆ ಒಡೆದರೆ ಉಳಿದದ್ದು ಚೆಲ್ಲಬೇಕು. ಹತ್ತು ಹನ್ನೆರಡು ಮನೆಯವರು ಒಂದು ದಿನ ಗೊತ್ತು ಮಾಡಿಕೊಂಡರೆ ಒಂದು ಸೀಸೆ ಸರಿಹೋಗುತ್ತದೆ. ಹಿಂದಿನ ರಾತ್ರಿ ಕೋಳಿಗಳನ್ನು ಬುಟ್ಟಿಯಡಿ ಕವುಚಿಡಿ. ಬೆಳಗ್ಗೆ ಒಮ್ಮೆ ಬಿಟ್ಟರೆ ಹಿಡಿಯುವುದರಲ್ಲೇ ಮದ್ದು ಕೆಡುತ್ತದೆ. ಸೀಸೆ ಮಂಜುಗಡ್ಡೆಯ ಥರ್ಮಾಸಿನಲ್ಲೇ ಇರಲಿ.

ಕೋಳಿ, ಮೊಟ್ಟೆಯ ದುಡ್ಡು ಹೆಂಗಸರದು, ಪಂಚಾಯಿತಿ ಕಟ್ಟೆಯಲ್ಲಿ ಮಾಹಿತಿ ಕೇಳುವವರು ಗಂಡಸರು. ಸ್ವಸಹಾಯ ಸಂಘದ ಸಭೆಯಲ್ಲಿ, ಲಂಬಾಣಿಯಲ್ಲೋ ತೆಲುಗಿನಲ್ಲೋ ಹೇಳಿದ ಮಾತು ನೇರ ಹಿತ್ತಲಿಗೆ ತಲುಪುತ್ತದೆ. ಪಕ್ಕದ ಮನೆಯಾಕೆಯ ಕೋಳಿ ಉಳಿದದ್ದು ಕಂಡರಂತೂ ಬೇರೆ ಪ್ರಚಾರವೇ ಬೇಡ.

"ಸೂಜಿ ಚುಚ್ಚಿದ ಮ್ಯಾಲೇ ಸತ್ತವು" ಎನ್ನುವವರೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ರೋಗ ಆಗಲೇ ಹೊಕ್ಕಿದ್ದ ಹಿಂಡಿಗೆ ಲಸಿಕೆ ಹಾಕಿದರೆ ಹಾಗಾಗುತ್ತದೆ. ಆದ್ದರಿಂದ ಶಿವರಾತ್ರಿಗೆ ಮುಂಚೆ, ಕೋಳಿಗಳು ಚೆನ್ನಾಗಿರುವಾಗಲೇ ಹಾಕಿಸಿ. ವಾರ ಮೊದಲು ಜಂತುಹುಳದ ಔಷಧಿ ಕೊಡಿಸಿ.

ಮರಿಗೆ ಏಳನೇ ದಿನ ಕಣ್ಣಿಗೋ ಮೂಗಿಗೋ ಒಂದು ಹನಿ. ಹನಿ ಬಿಟ್ಟೊಡನೆ ಮರಿಯನ್ನು ಕೆಳಗಿಡಬೇಡಿ. ಅದು ಎರಡು ಸಲ ರೆಪ್ಪೆ ಬಡಿದು ಹನಿ ಒಳಗಿಳಿಯುವವರೆಗೆ ಅಂಗೈಯಲ್ಲೇ ಹಿಡಿದಿರಿ. ನಾಲ್ಕನೇ ವಾರ ಮತ್ತೆ ಹನಿ. ಎಂಟನೇ ವಾರ ರೆಕ್ಕೆಯಡಿ ಚರ್ಮಕ್ಕೆ ಆರ್2ಬಿ ಚುಚ್ಚುಮದ್ದು, ಅರ್ಧ ಮಿ.ಲೀ. ಆಮೇಲೆ ಆರು ತಿಂಗಳಿಗೊಮ್ಮೆ.

ಕೊಕ್ಕರೆ ರೋಗದ ಲಸಿಕೆ ಹಕ್ಕಿಜ್ವರವನ್ನು ತಡೆಯದು. ಆದರೆ ಎರಡರ ಲಕ್ಷಣಗಳೂ ಹೋಲುತ್ತವೆ. ಲಸಿಕೆ ಹಾಕಿದ ಹಿಂಡು ತಲೆ ಊದಿ, ಜುಟ್ಟು ನೀಲಿಗಟ್ಟಿ ಒಮ್ಮೆಲೇ ಸಾಯತೊಡಗಿದರೆ ಹಕ್ಕಿಜ್ವರದ ಅನುಮಾನ ಬೇಗ ಬರಬೇಕು. ಸತ್ತದ್ದನ್ನು ಹಳ್ಳಕ್ಕೆಸೆಯಬೇಡಿ, ಉಳಿದದ್ದನ್ನು ಸಂತೆಗೊಯ್ಯಬೇಡಿ. ಅಂದೇ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಪರಿಹಾರ ಸಿಗುವುದು ಇಲಾಖೆಯವರು ಕೊಂದ ಕೋಳಿಗೆ. ಅದಕ್ಕೂ ಮೊದಲೇ ಸತ್ತು ಹೋದದ್ದಕ್ಕಲ್ಲ.