ಧೃತಿ : ಕಷ್ಟಕಾಲದಲ್ಲಿ ಮನಸ್ಸು ಏನನ್ನು ಹಿಡಿದಿರಬೇಕು?

ಪ್ರಥಮೈಕಾದಶಿಯು ಸಮೀಪಿಸುತ್ತಿದೆ. ತಪ್ತಮುದ್ರಾಧಾರಣೆಗೂ ಚಾತುರ್ಮಾಸ್ಯ ವ್ರತಸಂಕಲ್ಪಕ್ಕೂ ಮನೆಮನೆಗಳಲ್ಲಿ ಸಿದ್ಧತೆ ನಡೆದಿದೆ. ವ್ರತವೆಂಬುದು ಮನಸ್ಸಿಗೆ ಏನನ್ನು ಕಲಿಸುತ್ತದೆ, ಕಷ್ಟ ಬಂದಾಗ ಆ ಕಲಿಕೆಯು ಹೇಗೆ ನೆರವಾಗುತ್ತದೆ ಎಂಬುದನ್ನು ಈ ಸಂದರ್ಭದಲ್ಲಿ ಸಜ್ಜನರೊಡನೆ ಸ್ವಲ್ಪ ವಿಚಾರಮಾಡುವುದು ಉಚಿತವೆಂದು ತೋರಿತು. ವಿಷಯವು ದೊಡ್ಡದು, ನಮ್ಮ ಶಕ್ತಿಯು ಅಲ್ಪವಾದುದು. ಹಿರಿಯರ ಮುಖದಿಂದ ಕೇಳಿದುದನ್ನೂ ನಮ್ಮ ಮನೆಯಲ್ಲಿ ಕಂಡುದನ್ನೂ ಮಾತ್ರ ಇಲ್ಲಿ ನಿವೇದಿಸುತ್ತೇವೆ.

ಕಷ್ಟವನ್ನು ತಾಳಿಕೊಳ್ಳುವ, ಬಿದ್ದರೂ ಮತ್ತೆ ಏಳುವ ಮನೋಬಲಕ್ಕೆ ಶಾಸ್ತ್ರಗಳಲ್ಲಿ ‘ಧೃತಿ’ ಎಂದು ಹೆಸರು. ಹಿಡಿಯುವುದು, ಧರಿಸುವುದು ಎಂಬುದೇ ಅದರ ಮೂಲಾರ್ಥ. ಕಷ್ಟದಲ್ಲಿ ಕುಗ್ಗಿದವನನ್ನು ಕಂಡು ‘ಧೃತಿಗೆಟ್ಟಿದ್ದಾನೆ’ ಎನ್ನುತ್ತೇವೆ. ಅವನಲ್ಲಿ ಹಿಡಿಯುವ ಬಲವೇ ಇಲ್ಲವೆಂಬುದು ಆ ಮಾತಿನ ಅಭಿಪ್ರಾಯ. ಆದರೆ ಶ್ರೀಮದ್ಭಗವದ್ಗೀತೆಯು ಇದಕ್ಕಿಂತ ಸೂಕ್ಷ್ಮವಾದ ಸಂಗತಿಯೊಂದನ್ನು ನಮ್ಮ ಮುಂದಿಡುತ್ತದೆ.

ಮೂರು ಬಗೆಯ ಹಿಡಿತ

ಗೀತೆಯ ೧೮ನೆಯ ಅಧ್ಯಾಯದಲ್ಲಿ, ೩೩ರಿಂದ ೩೫ರವರೆಗಿನ ಶ್ಲೋಕಗಳಲ್ಲಿ, ಭಗವಂತನು ಧೃತಿಯನ್ನು ಮೂರಾಗಿ ವಿಭಾಗಿಸಿದ್ದಾನೆ. ಮನಸ್ಸು, ಪ್ರಾಣ, ಇಂದ್ರಿಯಗಳ ವ್ಯಾಪಾರಗಳನ್ನು ಆಚೀಚೆ ಚಲಿಸದಂತೆ ಯೋಗದಿಂದ ಹಿಡಿದು ನಿಲ್ಲಿಸುವುದು ಸಾತ್ತ್ವಿಕ ಧೃತಿ. ಫಲದ ಆಸೆಯಿಂದ ಧರ್ಮ, ಅರ್ಥ, ಕಾಮಗಳನ್ನು ಹಿಡಿದಿರುವುದು ರಾಜಸ ಧೃತಿ. ನಿದ್ರೆ, ಭಯ, ಶೋಕ, ವಿಷಾದ, ಮದಗಳನ್ನು ಬಿಡದೆ ಹಿಡಿದುಕೊಂಡಿರುವುದು ತಾಮಸ ಧೃತಿ.

ಮೂರನೆಯದನ್ನು ಓದುಗರು ನಿಧಾನವಾಗಿ ಗಮನಿಸಬೇಕು. ಶೋಕವನ್ನು ಬಿಡದವನಿಗೆ ಧೃತಿಯೇ ಇಲ್ಲವೆಂದು ಭಗವಂತನು ಹೇಳಲಿಲ್ಲ. ಅವನಿಗೂ ಧೃತಿಯುಂಟು; ಅದು ಹಿಡಿದಿರುವ ವಸ್ತುವು ಮಾತ್ರ ಹಿಡಿಯತಕ್ಕದ್ದಲ್ಲ. ಹತ್ತು ವರ್ಷದ ಹಿಂದಿನ ಅವಮಾನವನ್ನು ಅಕ್ಷರ ತಪ್ಪದಂತೆ ನೆನಪಿನಲ್ಲಿಟ್ಟುಕೊಂಡವನು ದುರ್ಬಲನೇ? ಅಷ್ಟು ಕಾಲ ಒಂದನ್ನು ಬಿಡದೆ ಹಿಡಿಯುವುದಕ್ಕೆ ಬಲವು ಬೇಕೇಬೇಕು. ಆದುದರಿಂದ ಮನೋಬಲವನ್ನು ಬೆಳೆಸಿಕೊಳ್ಳಬೇಕೆನ್ನುವವರು ಹೊಸ ಬಲವೊಂದನ್ನು ಎಲ್ಲಿಂದಲೋ ತರಬೇಕಾಗಿಲ್ಲ. ಇರುವ ಬಲವು ಏನನ್ನು ಹಿಡಿದಿದೆ ಎಂದು ಮೊದಲು ನೋಡಿಕೊಳ್ಳಬೇಕು.

ಇದು ನಮಗೆ ಪುಸ್ತಕದಿಂದ ತಿಳಿದುದಲ್ಲ. ಪಾಠಶಾಲೆಯ ಓದು ಮುಗಿಸಿ, ಬಿ.ಎ. ಪದವಿಯನ್ನೂ ಪಡೆದು, ನಾವು ಒಂದು ಅಧ್ಯಾಪಕ ಹುದ್ದೆಯನ್ನು ನಿರೀಕ್ಷಿಸಿಕೊಂಡಿದ್ದೆವು. ಹುದ್ದೆಯು ನಮಗೇ ಎಂದು ಹೇಳಿದ್ದವರು ಕೊನೆಯಲ್ಲಿ ಬೇರೊಬ್ಬರಿಗೆ ಕೊಟ್ಟರು. ಅನಂತರ ಎರಡು ವರ್ಷ ಕಾಲ ಮನೆಗೆ ಬಂದವರೆಲ್ಲರ ಮುಂದೆಯೂ ನಾವು ಆ ಕಥೆಯನ್ನೇ ಹೇಳುತ್ತಿದ್ದೆವು. ಒಂದು ಸಂಜೆ, ದೇವಸ್ಥಾನದಿಂದ ಮರಳಿ ಕಾಲು ತೊಳೆದುಕೊಳ್ಳುತ್ತಿದ್ದ ನಮ್ಮ ತಂದೆಯವರು ತಲೆಯೆತ್ತದೆಯೇ ಹೇಳಿದರು : “ಎರಡು ವರ್ಷದಿಂದ ಒಂದು ದಿನವೂ ತಪ್ಪದೆ ಇದನ್ನೇ ಹೇಳ್ತಾ ಇದ್ದೀಯಲ್ಲೋ. ಸಂಧ್ಯಾವಂದನೆ ಆದರೂ ಇಷ್ಟು ನಿಯಮವಾಗಿ ಮಾಡಿದ್ದೀಯಾ?”

ನಮಗೆ ಉತ್ತರವಿರಲಿಲ್ಲ. ಆ ಎರಡು ವರ್ಷಗಳಲ್ಲಿ ಸಂಧ್ಯಾವಂದನೆಯು ಎಷ್ಟೋ ದಿನ ತಪ್ಪಿತ್ತು. ಆ ಕಥೆಯು ಮಾತ್ರ ತಪ್ಪಿರಲಿಲ್ಲ. ಅನ್ಯಾಯವಾದುದು ನಿಜವೇ. ಆದರೆ ಅದು ಒಂದು ದಿನ ನಡೆದುದು. ಉಳಿದ ದಿನಗಳಲ್ಲಿ ಅದನ್ನು ದಿನವೂ ಹೊಸದಾಗಿ ನಡೆಸಿಕೊಂಡವರು ನಾವೇ.

ಮರಳಿ ತರುವುದೇ ಅಭ್ಯಾಸ

ಹಿಡಿತವನ್ನು ಬದಲಾಯಿಸುವ ಬಗೆಯನ್ನು ಗೀತೆಯ ೬ನೆಯ ಅಧ್ಯಾಯವು ತಿಳಿಸುತ್ತದೆ. ಧೃತಿಯಿಂದ ಕೂಡಿದ ಬುದ್ಧಿಯಿಂದ ಮನಸ್ಸನ್ನು ಮೆಲ್ಲಮೆಲ್ಲನೆ ನಿಲ್ಲಿಸಬೇಕೆಂದು ೨೫ನೆಯ ಶ್ಲೋಕದಲ್ಲಿ ಹೇಳಿದೆ. ಚಂಚಲವಾದ ಮನಸ್ಸು ಎಲ್ಲೆಲ್ಲಿಗೆ ಹೊರಟುಹೋಗುತ್ತದೆಯೋ ಅಲ್ಲಲ್ಲಿಂದ ಅದನ್ನು ಮರಳಿ ತರಬೇಕೆಂದು ಮುಂದಿನ ಶ್ಲೋಕವು ಹೇಳುತ್ತದೆ. ಮನಸ್ಸು ಹೊರಟುಹೋಗುವುದೇ ಇಲ್ಲವೆಂದು ಇಲ್ಲಿ ಯಾರೂ ಭರವಸೆ ಕೊಟ್ಟಿಲ್ಲ. ಅದು ಹೋಗಿಯೇ ಹೋಗುತ್ತದೆ. ಮರಳಿ ತರುವುದಷ್ಟೇ ಸಾಧಕನ ಕೆಲಸ. ನೂರು ಸಲ ಹೋದರೆ ನೂರು ಸಲ ತಂದವನೇ ಧೀರನು. ಎಂದೂ ಕುಗ್ಗದವನೇ ಧೀರನೆಂದು ತಿಳಿದು, ಕುಗ್ಗಿದಾಗಲೆಲ್ಲ ತಮ್ಮನ್ನು ತಾವೇ ಹಳಿದುಕೊಳ್ಳುವವರು ಈ ಮಾತನ್ನು ನೆನೆಯಬೇಕು.

ಇದಕ್ಕೆ ಶ್ರೀಮದಾಚಾರ್ಯರ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ಆಚಾರ್ಯರ ಗ್ರಂಥಭಂಡಾರವನ್ನು ವಿರೋಧಿಗಳು ಅಪಹರಿಸಿದ ಪ್ರಸಂಗವು ಸುಮಧ್ವವಿಜಯದಲ್ಲಿ ಬಂದಿದೆ. ಒಂದೊಂದು ಪ್ರತಿಯನ್ನೂ ತಾಳೆಯೋಲೆಯ ಮೇಲೆ ಕೈಯಿಂದಲೇ ಬರೆಯಬೇಕಾಗಿದ್ದ ಆ ಕಾಲದಲ್ಲಿ ಗ್ರಂಥಗಳು ಕೈತಪ್ಪಿದುವೆಂದರೆ ಅದೆಂತಹ ಹಾನಿ! ಆದರೂ ಪಾಠಪ್ರವಚನಗಳು ನಿಲ್ಲಲಿಲ್ಲ. ಓಲೆಗಳು ಹೋಗಿದ್ದುವು, ಆಚಾರ್ಯರು ಹಿಡಿದಿದ್ದುದು ತತ್ತ್ವವನ್ನು. ಕುಂಬಳೆಯ ಅರಸನಾದ ಜಯಸಿಂಹನ ಮೂಲಕ ಆ ಗ್ರಂಥಗಳು ಮರಳಿ ದೊರೆತುವು. ಆ ಅರಸನ ನಾಡಿನಲ್ಲಿಯೇ ಮಹಾಪಂಡಿತರಾದ ತ್ರಿವಿಕ್ರಮರು ಆಚಾರ್ಯರೊಡನೆ ವಾದಮಾಡಿ ಶಿಷ್ಯರಾದರು. ಅವರು ಬ್ರಹ್ಮಸೂತ್ರಭಾಷ್ಯಕ್ಕೆ ತತ್ತ್ವಪ್ರದೀಪವನ್ನು ಬರೆದರು. ಅವರ ಪ್ರಾರ್ಥನೆಯಿಂದಲೇ ಅನುವ್ಯಾಖ್ಯಾನವು ಅವತರಿಸಿತು. ಅದಕ್ಕೆ ಟೀಕಾಕೃತ್ಪಾದರು ಶ್ರೀಮನ್ನ್ಯಾಯಸುಧೆಯನ್ನು ರಚಿಸಿದರು. ಸುಮಧ್ವವಿಜಯವನ್ನು ನಮಗೆ ಕೊಟ್ಟ ನಾರಾಯಣ ಪಂಡಿತಾಚಾರ್ಯರು ಆ ತ್ರಿವಿಕ್ರಮರ ಪುತ್ರರೇ. ‘ಆದುದೆಲ್ಲ ಒಳ್ಳೆಯದಕ್ಕೇ’ ಎಂದು ಕಷ್ಟದಲ್ಲಿರುವವರ ಮುಂದೆ ಹಗುರವಾಗಿ ಹೇಳುವುದಕ್ಕೆ ನಾವು ಇದನ್ನು ಉದಾಹರಿಸುತ್ತಿಲ್ಲ. ಹಿಡಿಯತಕ್ಕದ್ದನ್ನು ಹಿಡಿದಿದ್ದವರಿಗೆ ಮುಂದಿನ ದಾರಿಯು ಮುಚ್ಚಿಹೋಗಲಿಲ್ಲವೆಂಬುದಷ್ಟೇ ಇಲ್ಲಿ ತಾತ್ಪರ್ಯ.

ನಮ್ಮ ಕಣ್ಣೆದುರಿನ ಘಟನೆಯೂ ಒಂದಿದೆ. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ ನವವೃಂದಾವನ ಕ್ಷೇತ್ರವಿರುವುದು ಸರ್ವವಿದಿತ. ೧೫೩೯ರಲ್ಲಿ ವೃಂದಾವನಸ್ಥರಾದ ಶ್ರೀ ವ್ಯಾಸರಾಜ ಗುರುಸಾರ್ವಭೌಮರ ವೃಂದಾವನವನ್ನು ೨೦೧೯ರ ಜುಲೈ ತಿಂಗಳಲ್ಲಿ ದುಷ್ಕರ್ಮಿಗಳು ನಿಧಿಯಾಸೆಯಿಂದ ಕೆಡವಿದರು. ಆ ಸುದ್ದಿಯನ್ನು ಕೇಳಿದ ದಿನ ಅಳದ ಮನೆಯಿಲ್ಲ. ಆದರೆ ಬೇರೆಬೇರೆ ಮಠಗಳ ಯತಿಗಳೂ ಭಕ್ತರೂ ನದಿಯನ್ನು ದಾಟಿ ಧಾವಿಸಿ, ಚದುರಿದ ಶಿಲೆಗಳನ್ನು ಜೋಡಿಸಿ, ಕೆಲವೇ ದಿನಗಳೊಳಗೆ ವೃಂದಾವನವನ್ನು ಮತ್ತೆ ನಿಲ್ಲಿಸಿದರು. ಅತ್ತ ಕಣ್ಣುಗಳೇ ಕಲ್ಲುಗಳನ್ನು ಹುಡುಕಿದುವು. ಅಳುವುದಕ್ಕೂ ಧೃತಿಗೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಡ.

ಒಂದು ಆಕ್ಷೇಪ

ಇಲ್ಲಿ ಕೆಲವರು ಕೇಳಬಹುದು : ಸರ್ವವೂ ಹರಿಯ ಅಧೀನವಾಗಿರುವಾಗ, ಜೀವನು ಪರತಂತ್ರನೇ ಆಗಿರುವಾಗ, ಅವನು ಮನಸ್ಸನ್ನು ತಿದ್ದಿಕೊಳ್ಳುವುದೆಂದರೇನು? ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಕರ್ತೃತ್ವದ ವಿಚಾರವು ಬಂದಿದೆ. ಜೀವನು ಕರ್ತೃವೇ ಅಲ್ಲವಾದರೆ ‘ಇದನ್ನು ಮಾಡು, ಇದನ್ನು ಬಿಡು’ ಎಂಬ ಶಾಸ್ತ್ರಕ್ಕೆ ಅರ್ಥವೇ ಇರುವುದಿಲ್ಲ. ಜೀವನ ಕರ್ತೃತ್ವವು ಸತ್ಯ. ಆದರೆ ಅದು ಪರಾಧೀನ, ಶ್ರೀಹರಿಯು ಕೊಟ್ಟದ್ದು. ಈ ಸಿದ್ಧಾಂತವು ಕಷ್ಟದಲ್ಲಿರುವವನ ತಲೆಯಿಂದ ಎರಡು ಹೊರೆಗಳನ್ನು ಇಳಿಸುತ್ತದೆ. ಗೆದ್ದಾಗ ‘ನಾನೇ ಮಾಡಿದೆ’ ಎಂಬುದು ಒಂದು ಹೊರೆ. ಸೋತಾಗ ‘ಎಲ್ಲವೂ ನನ್ನಿಂದಲೇ ಹಾಳಾಯಿತು’ ಎಂಬುದು ಇನ್ನೊಂದು. ಪ್ರಯತ್ನವು ನಮ್ಮ ಪಾಲಿಗೆ ಬಂದ ಕೈಂಕರ್ಯ. ಫಲದ ಲೆಕ್ಕವು ಅವನಲ್ಲಿದೆ.

ಈ ಮಾತಿನ ಅರ್ಥವು ೨೦೨೦ರಲ್ಲಿ ನಮಗೆ ಚೆನ್ನಾಗಿ ತಿಳಿಯಿತು. ಆ ವರ್ಷದ ಮಾರ್ಚ್ ತಿಂಗಳ ಕೊನೆಯಿಂದ ಜೂನ್ ಮೊದಲ ವಾರದವರೆಗೆ ದೇವಸ್ಥಾನಗಳ ಬಾಗಿಲು ಭಕ್ತರಿಗೆ ಮುಚ್ಚಿತ್ತು. ತಟ್ಟೆಕಾಸು, ಸೇವೆಗಳ ದಕ್ಷಿಣೆ ಎಲ್ಲವೂ ನಿಂತುವು. ಅರ್ಚಕರ ಮನೆಗಳಲ್ಲಿ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತಂದೆಯವರು ಒಬ್ಬರೇ ಬೆಳಗ್ಗೆ ಹೋಗಿ ಪೂಜೆ ಮಾಡಿ ಬರುತ್ತಿದ್ದರು. ನೈವೇದ್ಯದ ಅಕ್ಕಿಯು ಸೇರಿನಿಂದ ಮುಷ್ಟಿಗೆ ಇಳಿದಿತ್ತು. ಆದರೆ ನೈವೇದ್ಯ ಕಾಲದಲ್ಲಿ ದ್ವಾದಶಸ್ತೋತ್ರವನ್ನು ಅವರು ತುಂಬಿದ ಸಭೆಯಲ್ಲಿ ಹೇಳುವಷ್ಟೇ ಗಟ್ಟಿಯಾಗಿ ಹೇಳುತ್ತಿದ್ದರು. ಕೇಳುವವರು ಯಾರೂ ಇಲ್ಲದಿರುವಾಗ ಇಷ್ಟು ಗಟ್ಟಿಯಾಗಿ ಏಕೆ ಎಂದು ಕೇಳಿದೆವು. “ಕೇಳೋನು ಒಳಗೇ ಇದ್ದಾನಲ್ಲೋ” ಎಂದರು.

ಅವರಿಗೆ ಚಿಂತೆಯಿರಲಿಲ್ಲವೆಂದು ಓದುಗರು ತಿಳಿಯಬಾರದು. ರಾತ್ರಿ ನಿದ್ರೆಯಿಲ್ಲದೆ ಪಡಸಾಲೆಯಲ್ಲಿ ತಿರುಗಾಡುತ್ತಿದ್ದರೆಂದು ತಾಯಿಯವರು ಅನಂತರ ತಿಳಿಸಿದರು. ದ್ವಾದಶಸ್ತೋತ್ರದ ಮೂರನೆಯ ಅಧ್ಯಾಯದ ಆರಂಭದಲ್ಲಿ ಆಚಾರ್ಯರು, ಹರಿಪಾದದಲ್ಲಿ ವಿನಮ್ರವಾದ ಬುದ್ಧಿಯನ್ನಿಟ್ಟು ನಿಯತವಾದ ಕರ್ಮವನ್ನು ಮಾಡಬೇಕೆಂದೂ ಅನುಭವಿಸಬೇಕೆಂದೂ ಉಪದೇಶಿಸಿದ್ದಾರೆ. ಬಾಲ್ಯದಿಂದ ಕೇಳುತ್ತ ಬಂದ ಆ ಎರಡು ಕ್ರಿಯಾಪದಗಳು ಜೊತೆಯಾಗಿ ಏಕಿವೆಯೆಂದು ನಮಗೆ ಅಂದು ಹೊಳೆಯಿತು. ಅನುಭವಿಸಬೇಕಾದುದನ್ನು ರಾತ್ರಿ ಅನುಭವಿಸಿದರು. ಮಾಡಬೇಕಾದುದನ್ನು ಬೆಳಗ್ಗೆ ಮಾಡಿದರು.

ಶೋಕಕ್ಕೆ ಶಾಸ್ತ್ರವಿಟ್ಟ ಮೇರೆ

ಮರುವರ್ಷ, ೨೦೨೧ರ ಎರಡನೆಯ ಅಲೆಯಲ್ಲಿ, ನಮ್ಮ ದೊಡ್ಡಪ್ಪನವರು ತೀರಿಕೊಂಡರು. ದೇಹವನ್ನು ಮನೆಗೆ ತರುವುದಕ್ಕೂ ಆಗಲಿಲ್ಲ. ವರ್ಷಗಳಿಂದ ಪೂಜೆಯನ್ನು ಬಿಡದಿದ್ದ ತಂದೆಯವರನ್ನು ಆಗ ಶಾಸ್ತ್ರವೇ ಗರ್ಭಗುಡಿಯಿಂದ ಹೊರಗಿಟ್ಟಿತು. ಹತ್ತು ದಿನ ಆಶೌಚ, ದೇವರನ್ನು ಮುಟ್ಟುವಂತಿಲ್ಲ. ಪೂಜೆಗೆ ಬೇರೊಬ್ಬರನ್ನು ಗೊತ್ತುಮಾಡಿ, ಅವರು ಜಗಲಿಯಲ್ಲಿ ಕುಳಿತು ಅಣ್ಣನನ್ನು ನೆನೆದು ಅತ್ತರು. ಶುಭಸ್ವೀಕಾರವಾದ ಮರುದಿನ ಎಂದಿನ ಹೊತ್ತಿಗೆ ಎದ್ದು ಮಡಿಯುಟ್ಟು ದೇವಸ್ಥಾನಕ್ಕೆ ಹೊರಟರು.

ಆಶೌಚವಿಧಿಯ ಹಿಂದಿನ ಕರುಣೆಯು ನಮಗೆ ಅಂದು ಕಾಣಿಸಿತು. ‘ಅಳಬೇಡ’ ಎಂದು ಶಾಸ್ತ್ರವು ಹೇಳುವುದಿಲ್ಲ. ‘ಎಂದೆಂದಿಗೂ ಅಳುತ್ತಿರು’ ಎಂದೂ ಹೇಳುವುದಿಲ್ಲ. ಮೊದಲಿಗೆ ಹತ್ತು ದಿನ, ಅನಂತರ ಮಾಸಿಕಗಳು, ಅನಂತರ ವರ್ಷಕ್ಕೊಮ್ಮೆ ಶ್ರಾದ್ಧ. ಅಗಲಿದವರನ್ನು ಮರೆಯುವಂತಿಲ್ಲ, ನೆನಪಿನಲ್ಲಿಯೇ ಮುಳುಗುವಂತೆಯೂ ಇಲ್ಲ. ನದಿಗೆ ದಡವಿದ್ದಂತೆ ಶೋಕಕ್ಕೆ ಮೇರೆಯಿದೆ.

ಒಂದು ಮಾತನ್ನು ಇಲ್ಲಿ ಹೇಳಿಬಿಡಬೇಕು. ಆ ಮೇರೆಯನ್ನು ಎಷ್ಟು ಪ್ರಯತ್ನಿಸಿದರೂ ದಾಟಲಾಗದೆ, ತಿಂಗಳುಗಟ್ಟಲೆ ಊಟನಿದ್ರೆಗಳು ಕೆಟ್ಟು, ಬದುಕೇ ಬೇಡವೆನಿಸುವ ಸ್ಥಿತಿಯಲ್ಲಿರುವವರಿಗೆ ‘ಧೈರ್ಯ ತಂದುಕೋ’ ಎಂದು ಉಪದೇಶಿಸಿ ಸುಮ್ಮನಾಗುವುದು ಸಲ್ಲದು. ಅದು ವ್ಯಾಧಿಯಾಗಿರಬಹುದು. ಜ್ವರಕ್ಕೆ ವೈದ್ಯರನ್ನು ಕಾಣುವಂತೆಯೇ ಅದಕ್ಕೂ ವೈದ್ಯರನ್ನು ಕಾಣಬೇಕು. ಮನೆಯವರು ಜೊತೆಯಲ್ಲಿ ಹೋಗಬೇಕು. ಅದು ದೇವರಲ್ಲಿ ನಂಬಿಕೆಯ ಕೊರತೆಯಲ್ಲ, ನಾಚಿಕೆಯ ವಿಷಯವೂ ಅಲ್ಲ.

ವ್ರತವು ಕಲಿಸುವ ಪಾಠ

ಇನ್ನು ಅಭ್ಯಾಸದ ವಿಚಾರ. ಈಜುವುದನ್ನು ಪ್ರವಾಹದಲ್ಲಿ ಕಲಿಯಲಾಗದು. ಶಾಂತವಾದ ನೀರಿನಲ್ಲಿ ಮೊದಲೇ ಕಲಿತಿರಬೇಕು. ನಮ್ಮ ಹಿರಿಯರು ಇದಕ್ಕಾಗಿ ಏರ್ಪಾಡು ಮಾಡಿಯೇ ಇದ್ದಾರೆ. ತಿಂಗಳಿಗೆ ಎರಡು ಸಲ ಏಕಾದಶಿಯು ಬರುತ್ತದೆ. ಅಡಿಗೆಮನೆಯಲ್ಲಿ ಎಲ್ಲವೂ ಇದ್ದೂ ಆ ದಿನ ಉಪವಾಸವಿರುತ್ತೇವೆ. ಚಾತುರ್ಮಾಸ್ಯದ ನಾಲ್ಕು ತಿಂಗಳುಗಳಲ್ಲಿ ಕ್ರಮವಾಗಿ ಶಾಕ, ದಧಿ, ಕ್ಷೀರ, ದ್ವಿದಳಗಳನ್ನು ಬಿಡುತ್ತೇವೆ. ಭಗವತ್ಪ್ರೀತಿಯೇ ಇವುಗಳ ಮುಖ್ಯ ಫಲವೆಂಬುದರಲ್ಲಿ ಸಂಶಯವಿಲ್ಲ. ಅದರೊಡನೆ, ತಾನಾಗಿ ಬಿಡುವುದನ್ನು ಕಲಿತ ಮನಸ್ಸಿಗೆ, ಕಾಲವು ಬಲವಂತವಾಗಿ ಬಿಡಿಸಿದಾಗ ಅದು ತೀರ ಅಪರಿಚಿತವೆನಿಸುವುದಿಲ್ಲ. ಹಸಿವೆಯನ್ನು ದ್ವಾದಶಿಯ ಪಾರಣೆಯವರೆಗೆ ತಾಳಿದವನಿಗೆ ಕಷ್ಟಕ್ಕೂ ಒಂದು ಪಾರಣೆಯುಂಟೆಂಬ ನಂಬಿಕೆಯು ಸಹಜವಾಗಿ ಮೂಡುತ್ತದೆ.

ಆದುದರಿಂದ ಈ ಚಾತುರ್ಮಾಸ್ಯದಲ್ಲಿ ಆಹಾರನಿಯಮದೊಡನೆ ಇನ್ನೂ ಎರಡು ಸಂಕಲ್ಪಗಳನ್ನು ಮಾಡೋಣವೆಂದು ವಿನಂತಿ. ಮೊದಲನೆಯದು, ಎಂತಹ ದಿನದಲ್ಲಿಯೂ ಬಿಡದ ಒಂದು ಸಣ್ಣ ನಿಯಮವನ್ನು ಹಿಡಿಯುವುದು. ಪುರುಷರಿಗೆ ಹೊತ್ತಿಗೆ ಸರಿಯಾದ ಸಂಧ್ಯಾವಂದನೆಯಾಗಬಹುದು. ಸ್ತ್ರೀಯರಿಗೆ ತುಳಸಿಯ ಮುಂದಿನ ದೀಪ, ಒಂದು ದೇವರನಾಮವಾಗಬಹುದು. ಮಕ್ಕಳಿಗೆ ಒಂದು ಶ್ಲೋಕವಾದರೂ ಸಾಕು. ದೊಡ್ಡದನ್ನು ಹಿಡಿದು ಎರಡು ವಾರದಲ್ಲಿ ಬಿಡುವುದಕ್ಕಿಂತ ಸಣ್ಣದನ್ನು ಹಿಡಿದು ನಾಲ್ಕು ತಿಂಗಳು ನಡೆಸುವುದು ಮೇಲು. ನಡುವೆ ತಪ್ಪಿದರೆ ಮರುದಿನ ಮತ್ತೆ ಆರಂಭಿಸಬೇಕು. ತಪ್ಪಿತೆಂದು ವ್ರತವನ್ನೇ ಬಿಡಬಾರದು.

ಎರಡನೆಯದು, ನಾವು ವರ್ಷಗಳಿಂದ ಹಿಡಿದುಕೊಂಡಿರುವ ಒಂದು ಹಳೆಯ ದೂರನ್ನು, ಒಂದು ಮುನಿಸನ್ನು ಶಾಕವ್ರತದ ಶಾಕದಂತೆ ಈ ನಾಲ್ಕು ತಿಂಗಳ ಮಟ್ಟಿಗೆ ಬಿಟ್ಟುನೋಡುವುದು. ಅದನ್ನು ಬಾಯಿಗೆ ತರಬಾರದು. ಮನಸ್ಸಿಗೆ ಬಂದರೆ ಮನಸ್ಸನ್ನು ಮರಳಿ ನಿಯಮಕ್ಕೆ ತರಬೇಕು. ಉತ್ಥಾನದ್ವಾದಶಿಯು ಕಳೆದು ವ್ರತವು ಮುಗಿದ ಮೇಲೆ ಬಿಟ್ಟ ಪದಾರ್ಥಗಳನ್ನು ದೇವರಿಗೆ ನಿವೇದಿಸಿ ಸ್ವೀಕರಿಸುತ್ತೇವೆ. ಆ ದೂರನ್ನೂ ಮುನಿಸನ್ನೂ ದೇವರಿಗೆ ನಿವೇದಿಸುವಂತಿಲ್ಲ. ನಿವೇದಿಸಲಾಗದುದನ್ನು ಮತ್ತೆ ತೆಗೆದುಕೊಳ್ಳಬೇಕೇ ಎಂಬುದನ್ನು ಅಂದು ಅವರವರೇ ವಿಚಾರಮಾಡಿಕೊಳ್ಳಲಿ.

ನಮಗೆ ಆ ಹುದ್ದೆಯು ದೊರೆಯಲಿಲ್ಲ. ಇಂದು ಬೆಳಗ್ಗೆ ತಂದೆಯವರಿಗೆ ಪೂಜೆಯಲ್ಲಿ ನೆರವಾಗಿ, ಸಂಜೆ ನಾಲ್ಕಾರು ಮಕ್ಕಳಿಗೆ ಪಾಠ ಹೇಳುತ್ತಿದ್ದೇವೆ. ಹಳೆಯ ಕಥೆಯು ಈಗಲೂ ಒಮ್ಮೊಮ್ಮೆ ನಾಲಗೆಯ ತುದಿಯವರೆಗೆ ಬರುತ್ತದೆ. ಬಂದಾಗ ಹೊತ್ತು ನೋಡುತ್ತೇವೆ. ಸಂಧ್ಯಾವಂದನೆಯ ವೇಳೆಯಾಗಿದ್ದರೆ ಎದ್ದು ಹೋಗುತ್ತೇವೆ.

ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯು ನಮ್ಮೆಲ್ಲರ ಧೃತಿಯನ್ನು ತನ್ನ ಪಾದಗಳಲ್ಲಿ ನಿಲ್ಲಿಸಲಿ.

ಶ್ರೀಕೃಷ್ಣಾರ್ಪಣಮಸ್ತು