ಆರೂವರೆ ಇಂಚಿನ ಬೋರು

ನನ್ನ ಮೊದಲ ಗೇಮಿಂಗ್ ಪಿಸಿಯನ್ನು ಕೊಂದದ್ದು ಪಂಪ್‌ಸೆಟ್ಟು. ಬಂಡೀಪುರದ ಕಾಡಂಚಿಗಿರುವ ನಮ್ಮ ಹಂಗಳದ ಕಡೆ ತ್ರೀ ಫೇಸ್ ಬಂತೆಂದರೆ ಸುತ್ತಲಿನ ಮೋಟರುಗಳೆಲ್ಲ ಒಟ್ಟಿಗೆ ಎದ್ದು ಮನೆಯ ಬಲ್ಬು ಮಂಕಾಗುತ್ತದೆ. ಅವು ನಿಂತಾಗ ವೋಲ್ಟೇಜ್ ಧಿಗ್ಗನೆ ಏರುತ್ತದೆ. ಹಾಗೆ ಏರಿದ ಒಂದು ಸಂಜೆ ಸುಟ್ಟ ವಾಸನೆ ಬಂತು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದಿದ್ದ ಎಸ್‌ಎಂಪಿಎಸ್ ತಾನು ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಿತ್ತು.

ಅಪ್ಪನಿಗೆ ಕಂಪ್ಯೂಟರ್ ಗೊತ್ತಿಲ್ಲ, ಬೋರು ಗೊತ್ತು. "ಆರೂವರೆ ಇಂಚು ಕೊರೆಸಿದ್ರೆ ಇವತ್ತು ಸಣ್ಣ ಮೋಟ್ರು ಬುಡು, ನಾಳೆ ದೊಡ್ದು ಬುಡು. ಕಾಸು ಉಳಿತದೆ ಅಂತ ನಾಲ್ಕೂವರೆ ಕೊರೆಸ್ಬುಟ್ರೆ ಆಮೇಲೆ ಏನ್ ಮಾಡಿಯೇ?"

2021ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ಈ ಮಾತು ತಲೆಯಲ್ಲಿತ್ತು. ಚಿಪ್ ಕೊರತೆ, ಕ್ರಿಪ್ಟೊ ಮೈನಿಂಗ್ ಎರಡೂ ಸೇರಿ ಗ್ರಾಫಿಕ್ಸ್ ಕಾರ್ಡಿನ ಬೆಲೆ ಮುಗಿಲು ಮುಟ್ಟಿದ್ದ ಕಾಲ. ಕಾರ್ಡಿನ ಆಸೆಯನ್ನೇ ಬಿಟ್ಟೆ. ಗ್ರಾಫಿಕ್ಸ್ ಒಳಗೇ ಇರುವ ರೈಜನ್ 5 5600ಜಿ ತೆಗೆದುಕೊಂಡು, ಉಳಿದ ದುಡ್ಡನ್ನು ಯಾರೂ ಮೆಚ್ಚದ ವಸ್ತುಗಳಿಗೆ ಸುರಿದೆ: ಒಳ್ಳೆಯ 550 ವ್ಯಾಟಿನ ಎಸ್‌ಎಂಪಿಎಸ್, ನಾಲ್ಕು ರ‍್ಯಾಮ್ ಸ್ಲಾಟಿನ ಬಿ550 ಬೋರ್ಡು, ಮುಂದೆ ಜಾಲರಿಯಿರುವ ಕ್ಯಾಬಿನೆಟ್ಟು, ಒಂದು ಯುಪಿಎಸ್.

ಆದರೂ ರ‍್ಯಾಮಿನಲ್ಲಿ ಜಿಪುಣತನ ಮಾಡಿದೆ. 8 ಜಿಬಿಯ ಒಂದೇ ಕಡ್ಡಿ. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಅದು ರ‍್ಯಾಮಿನಿಂದಲೇ ಕಡ ತರಬೇಕು. ಕಡ್ಡಿ ಒಂದೇ ಇದ್ದರೆ ಬರುವ ದಾರಿಯೂ ಒಂದೇ. ಜಿಟಿಎ 5 ತಡವರಿಸುತ್ತಿತ್ತು. ನಾಲ್ಕು ತಿಂಗಳ ಮೇಲೆ ಅಂಥದೇ ಇನ್ನೊಂದು ಕಡ್ಡಿ ಸಿಕ್ಕಿಸಿದೆ. ಅದೇ ಚಿಪ್ಪು, ಅದೇ ಆಟ, ಆದರೆ ಕಾರು ನುಣ್ಣಗೆ ಓಡಿತು. ಮೊದಲೇ 4 ಜಿಬಿಯ ಎರಡು ಕಡ್ಡಿ ಕೊಳ್ಳಬಹುದಿತ್ತಲ್ಲ ಅನ್ನುವಿರಿ. ಆಗ ಮುಂದೆ ಇಷ್ಟೇ ರ‍್ಯಾಮಿಗೆ ನಾಲ್ಕೂ ಸ್ಲಾಟು ತುಂಬಿಹೋಗುತ್ತಿದ್ದವು. ತಪ್ಪು ಒಂದೇ ಕಡ್ಡಿ ಕೊಂಡದ್ದಲ್ಲ, ಎರಡನೆಯದಕ್ಕೆ ದುಡ್ಡು ಎತ್ತಿಡದೇ ಹೋದದ್ದು.

ಬೆಲೆ ಇಳಿದ ಮೇಲೆ, 2023ರಲ್ಲಿ, ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ಸಿಕ್ಕಿತು. ಅದು ಎಳೆಯುವುದು 132 ವ್ಯಾಟ್. ಎಸ್‌ಎಂಪಿಎಸ್ ಮುಟ್ಟುವ ಅಗತ್ಯವೇ ಬರಲಿಲ್ಲ.

ಭಯ ಹುಟ್ಟಿಸಿದ್ದು ಮುಂದಿನ ವರ್ಷದ ಕೆಲಸ. ಅದೇ ಎಎಂ4 ಸಾಕೆಟ್ಟಿಗೆ ರೈಜನ್ 7 5700ಎಕ್ಸ್3ಡಿ ಹಾಕುವ ಮೊದಲು ಬಯೋಸ್ ಅಪ್‌ಡೇಟ್ ಆಗಬೇಕಿತ್ತು. ನಡುವೆ ಕರೆಂಟು ಹೋದರೆ ಬೋರ್ಡು ಕಲ್ಲಾದೀತು. ಮೋಟರುಗಳೆಲ್ಲ ನಿಲ್ಲುವವರೆಗೆ ಕಾದೆ. ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಮುಚ್ಚಿ ಊಟಿ ರಸ್ತೆಯ ಸದ್ದೂ ಅಡಗಿತು. ಯುಪಿಎಸ್ಸಿನ ಹಸಿರು ದೀಪ ನೋಡುತ್ತ ಪೆನ್‌ಡ್ರೈವ್ ಚುಚ್ಚಿದೆ. ಐದೇ ನಿಮಿಷದ ಕೆಲಸ, ಅಂಗಿ ಮಾತ್ರ ಬೆವರಿಗೆ ಒದ್ದೆ.

ಬಿಚ್ಚಿದ 5600ಜಿ ಈಗ ಚಿಕ್ಕಪ್ಪನ ಮಗನಿಗೆ. ಮೊದಲು ಒಳ್ಳೆಯ ಎಸ್‌ಎಂಪಿಎಸ್ ತಗೊ ಎಂದೆ. ಅವನು ತುಸು ಯೋಚಿಸಿ ಕೇಳಿದ: "ಅಣ್ಣಾ, ಅದ್ರಲ್ಲಿ ಕಲರ್ ಲೈಟ್ ಬತ್ತದಾ?"