ಗೊಣ್ಣೆಹುಳು: ಅಂಗಳದ ಹುಲ್ಲಿನಿಂದ ಅಡಿಕೆಯ ಬುಡದವರೆಗೆ



ಮುಂಗಾರಿನ ಮೊದಲ ಹದಮಳೆ ಬಿದ್ದ ಸಂಜೆ ಮನೆಯ ದೀಪಕ್ಕೆ ಬಂದು, ಗೋಡೆಗೆ ಬಡಿದು, ಅಂಗಾತ ಬಿದ್ದು ಒದ್ದಾಡುವ ಕಂದು ಬಣ್ಣದ ದುಂಬಿಯನ್ನು ಕಾಣದವರು ನಮ್ಮಲ್ಲಿ ಯಾರೂ ಇಲ್ಲ. ಮಕ್ಕಳು ಅದರ ಕಾಲಿಗೆ ದಾರ ಕಟ್ಟಿ ಆಡಿಸುತ್ತಾರೆ, ಹೆಂಗಸರು ಪೊರಕೆಯಿಂದ ಗುಡಿಸಿ ಜಗಲಿಯಾಚೆ ಹಾಕುತ್ತಾರೆ. ಅಲ್ಲಿಗೆ ಅದನ್ನು ಮರೆತೂಬಿಡುತ್ತೇವೆ. ಆದರೆ ಮಘೆ, ಹುಬ್ಬೆ ಮಳೆಗಳ ಹೊತ್ತಿಗೆ ಅದೇ ದುಂಬಿಯ ಸಂತತಿ ನೆಲದೊಳಗೆ ನಮ್ಮ ಬೇರುಗಳನ್ನು ಕತ್ತರಿಸುತ್ತಿರುತ್ತದೆ. ಇದನ್ನೇ ನಾವು ಗೊಣ್ಣೆಹುಳು ಎನ್ನುತ್ತೇವೆ. ಅಡಿಕೆ ಸೀಮೆಯಲ್ಲಿ ಬೇರುಹುಳು ಎಂದೂ ಕರೆಯುವರು.

ಸಿಂಗಟಗೆರೆ, ಪಂಚನಹಳ್ಳಿ, ಯಗಟಿಯ ಕಡೆ ಇರುವ ನಮಗೆ ಈ ವಿಷಯ ಈಗ ಮುಖ್ಯವಾಗಿರುವುದಕ್ಕೆ ಕಾರಣವಿದೆ. ನಮ್ಮದು ಮೂಲತಃ ರಾಗಿ, ಜೋಳ, ತೆಂಗಿನ ಸೀಮೆ. ಕೊಳವೆಬಾವಿಯ ನೀರನ್ನು ನಂಬಿ ಅಡಿಕೆ ಬಂದಿತು. ಬೇಸಿಗೆಯಲ್ಲೂ ತೇವವಾಗಿರುವ ನೆಲ, ದಂಡಿಯಾಗಿ ಹಾಕುವ ಕೊಟ್ಟಿಗೆ ಗೊಬ್ಬರ, ಹೊರಗಿನಿಂದ ಹೊಡೆಸುವ ಮಣ್ಣು ಇವೆಲ್ಲ ಹುಳುವಿಗೆ ಹಾಸಿ ಕೊಟ್ಟ ಹಾಸಿಗೆ. ಇದರ ಜೊತೆಗೆ ಇತ್ತೀಚೆಗೆ ಹೊಸ ಮನೆ ಕಟ್ಟಿದವರು ಮುಂದಿನ ಅಂಗಳಕ್ಕೆ ಲಾನ್ ಹಾಕಿಸುವುದು ಹೆಚ್ಚಾಗಿದೆ. ಚಾಪೆಯಂತೆ ಸುತ್ತಿ ತಂದ ಹುಲ್ಲಿನ ಜೊತೆ ಎರಡಂಗುಲ ಮಣ್ಣೂ ಬರುತ್ತದೆ, ಮಣ್ಣಿನೊಳಗೆ ಏನು ಬಂದಿದೆಯೆಂದು ಯಾರೂ ನೋಡುವುದಿಲ್ಲ.

ಹುಲ್ಲು, ಅಂಗಳ ಎಂದು ಹಗುರವಾಗಿ ಕಾಣಬಾರದು ಎಂಬುದಕ್ಕೆ ಅಮೆರಿಕದ ಅನುಭವವೊಂದೇ ಸಾಕು. ಅಲ್ಲಿನ ನ್ಯೂಜೆರ್ಸಿ ಸಂಸ್ಥಾನದ ರಿವರ್ಟನ್ ಊರಿನ ಬಳಿ, ಒಂದು ಸಸ್ಯಪಾಲನಾ ಕ್ಷೇತ್ರದಲ್ಲಿ, 1916ರಲ್ಲಿ ಜಪಾನಿನ ಒಂದು ದುಂಬಿ ಕಣ್ಣಿಗೆ ಬಿತ್ತು. ಐರಿಸ್ ಹೂವಿನ ಗೆಡ್ಡೆಗಳ ಮಣ್ಣಿನಲ್ಲಿ ಅದರ ಮರಿ ಬಂದಿರಬೇಕೆಂದು ತಜ್ಞರ ಊಹೆ. ಹಸಿರು ತಲೆ, ತಾಮ್ರದ ಬಣ್ಣದ ರೆಕ್ಕೆ. ಉದ್ದ ಅರ್ಧ ಅಂಗುಲವೂ ಇಲ್ಲ. ತವರಾದ ಜಪಾನಿನಲ್ಲಿ ಅದು ದೊಡ್ಡ ಪೀಡೆಯಲ್ಲ. ಅಮೆರಿಕದಲ್ಲಿ ಅದನ್ನು ತಿನ್ನುವ ಶತ್ರುಗಳು ಇರಲಿಲ್ಲ, ಆದರೆ ಮರಿಗೆ ಬೇಕಾದ ಹುಲ್ಲುಹಾಸು ಮಾತ್ರ ಮನೆ ಮನೆಗೂ ಇತ್ತು. 1920ರ ಹೊತ್ತಿಗೆ ನಿರ್ಮೂಲ ಮಾಡುವ ಆಸೆಯನ್ನು ಕೈಬಿಡಬೇಕಾಯಿತು. ಮುನ್ನೂರಕ್ಕೂ ಹೆಚ್ಚು ಜಾತಿಯ ಗಿಡಗಳ ಎಲೆ ಹೂವುಗಳನ್ನು ಅದು ತಿನ್ನುತ್ತದೆ. ಈಗ ಯೂರೋಪಿನ ನೆಲಕ್ಕೂ ಇಳಿದಿದೆ. 2014ರಲ್ಲಿ ಇಟಲಿಯ ಉತ್ತರ ಭಾಗದಲ್ಲಿ ಕಂಡುಬಂದಿತು.

ಬೆಟ್ಟದ ಕಡೆಯ ನಮ್ಮ ಕಾಫಿ ಸದಸ್ಯರಿಗೆ ಇಂಥ ಕಥೆ ಹೊಸದಲ್ಲ. ಕಾಫಿ ಕಾಯಿಕೊರಕವೂ ಹೊರಗಿನಿಂದ ಬಂದ ದುಂಬಿಯೇ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡದ್ದು ವಯನಾಡು, ಕೊಡಗುಗಳನ್ನು ದಾಟಿ ಎಲ್ಲಿಯವರೆಗೆ ಬಂದಿದೆಯೆಂದು ಅವರನ್ನೇ ಕೇಳಬಹುದು. ನಮ್ಮ ಗೊಣ್ಣೆಹುಳು ಹಾಗೆ ಪರದೇಶದ್ದಲ್ಲ, ಈ ನೆಲದ್ದೇ. ಆದರೆ ಇಲ್ಲದ ತೋಟಕ್ಕೆ ಅದನ್ನು ಹೊತ್ತು ತರುವವರು ನಾವೇ ಆದಾಗ ಪರಿಣಾಮದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಮೊದಲು ಹುಳುವಿನ ಗುರುತು ಹಿಡಿಯುವುದನ್ನು ಕಲಿಯಬೇಕು. ಬಿಳಿ ಮೈ, ಕಂದು ತಲೆ, ಮುಂಭಾಗದಲ್ಲಿ ಮೂರು ಜೊತೆ ಕಾಲು, ಮುಟ್ಟಿದರೆ ಕುಡುಗೋಲಿನಂತೆ ಬಾಗಿ ಮಲಗುವ ಸ್ವಭಾವ ಇಷ್ಟನ್ನು ಕಂಡ ಕೂಡಲೇ ಗಾಬರಿಯಾಗಿ ವಿಷದ ಡಬ್ಬಿಗೆ ಕೈಹಾಕುವವರಿದ್ದಾರೆ. ಆದರೆ ಈ ರೂಪದ ಹುಳುಗಳೆಲ್ಲ ಬೇರು ತಿನ್ನುವುದಿಲ್ಲ. ತಿಪ್ಪೆಯಲ್ಲಿ, ಕೊಳೆತ ತೆಂಗಿನ ಬೊಡ್ಡೆಯಲ್ಲಿ ಸಿಗುವ ಹೆಬ್ಬೆರಳು ಗಾತ್ರದ ಹುಳು ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿ. ಅದು ಕೊಳೆತದ್ದನ್ನು ತಿನ್ನುತ್ತದೆಯೇ ಹೊರತು ಜೀವಂತ ಬೇರನ್ನು ಮುಟ್ಟುವುದಿಲ್ಲ. ಅದರ ಹಾನಿ ಮೇಲೆ, ಸುಳಿಯಲ್ಲಿ. ಇನ್ನೊಂದು ಬಗೆ ಇದೆ, ಅದೂ ಗೊಬ್ಬರದ ಗುಂಡಿಯಲ್ಲೇ ಇರುತ್ತದೆ. ಅದನ್ನು ಒಂದು ಹಲಗೆಯ ಮೇಲೆ ಬಿಟ್ಟು ನೋಡಿ: ಕಾಲುಗಳನ್ನು ಆಕಾಶಕ್ಕೆ ಮಾಡಿ, ಬೆನ್ನಿನ ಮೇಲೆ ಸರಸರನೆ ತೆವಳುತ್ತದೆ. ಇದು ಹೂದುಂಬಿಯ ಮರಿ, ಗೊಬ್ಬರವನ್ನು ಪುಡಿಮಾಡಿ ಕೊಡುವ ಉಪಕಾರಿ. ಇದನ್ನು ಕೊಲ್ಲುವುದು ಕೂಲಿಯಿಲ್ಲದೆ ದುಡಿಯುವ ಆಳನ್ನು ಓಡಿಸಿದಂತೆ. ಬೇರು ತಿನ್ನುವ ಗೊಣ್ಣೆಹುಳು ಹೀಗೆ ಬೆನ್ನಿನ ಮೇಲೆ ನಡೆಯುವುದಿಲ್ಲ. ಹಲಗೆಯ ಮೇಲೆ ಮಗ್ಗುಲಾಗಿ ಬಿದ್ದು ಒದ್ದಾಡುತ್ತದೆ. ಅದು ಸಿಗುವ ಜಾಗವೂ ಬೇರೆ. ತಿಪ್ಪೆಗಿಂತ ಹೆಚ್ಚಾಗಿ ಬೇರಿನ ಸುತ್ತಲ ಮಣ್ಣಿನಲ್ಲಿ ಅದನ್ನು ಹುಡುಕಬೇಕು.

ಬೇರು ತಿನ್ನುವವುಗಳಲ್ಲಿ ನಮಗೆ ಸಂಬಂಧಪಟ್ಟ ಗುಂಪುಗಳು ಎರಡು. ಬಯಲು ಸೀಮೆಯ ಹೊಲ, ಅಂಗಳಗಳಲ್ಲಿ ಸಾಮಾನ್ಯವಾದದ್ದು ಹೊಲೊಟ್ರೈಕಿಯ ಸೆರ್ರೇಟ. ಕಡಲೆಕಾಯಿ, ಕಬ್ಬು ಬೆಳೆಯುವವರಿಗೆ ಇದು ಹಳೆಯ ವೈರಿ. ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಕಾಡುವುದು ಲ್ಯೂಕೋಫೋಲಿಸ್ ಗುಂಪಿನವು. ಎರಡಕ್ಕೂ ಉಪಾಯ ಒಂದೇ ಅಲ್ಲ, ಆದುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹೊಲೊಟ್ರೈಕಿಯ ದುಂಬಿ ಭರಣಿ, ಕೃತ್ತಿಕೆಯ ಹದಮಳೆಗೆ ನೆಲದಿಂದ ಏಳುತ್ತದೆ. ಕತ್ತಲಾಗುತ್ತಿದ್ದಂತೆ ಹತ್ತಿರದ ಬೇವು, ಜಾಲಿ, ಬೋರೆ ಮರಗಳಿಗೆ ಹಾರಿ, ಎಲೆ ತಿಂದು, ಅಲ್ಲಿಯೇ ಜೊತೆಗೂಡಿ, ಬೆಳಗಿನ ಜಾವಕ್ಕೆ ಮಣ್ಣಿಗೆ ಮರಳುತ್ತದೆ. ಹೆಣ್ಣು ತೇವದ ಮಣ್ಣಿನಲ್ಲಿ ಎರಡು ಮೂರು ಅಂಗುಲ ಆಳದಲ್ಲಿ ಮೊಟ್ಟೆಯಿಡುತ್ತದೆ. ಸುಮಾರು ಹತ್ತು ದಿನಕ್ಕೆ ಮರಿ. ಮೊದಲು ಸಣ್ಣ ಬೇರು, ಕೊಳೆತ ಕಸ. ಎರಡು ಸಲ ಪೊರೆ ಕಳಚಿ ಮೂರನೆಯ ಹಂತಕ್ಕೆ ಬಂದ ಮೇಲೆ, ಅಂದರೆ ಆಶ್ಲೇಷದಿಂದ ಹಸ್ತದವರೆಗೆ, ನಿಜವಾದ ಹಸಿವು. ಸ್ವಾತಿ ಮಳೆಯ ಸುಮಾರಿಗೆ ಆಳಕ್ಕಿಳಿದು ಕೋಶವಾಗುತ್ತದೆ. ಅದರೊಳಗಿಂದ ದುಂಬಿಯಾದರೂ ಕೂಡಲೇ ಮೇಲೆ ಬರದೆ ಮುಂದಿನ ವರ್ಷದ ಮಳೆಯನ್ನು ಕಾಯುತ್ತ ಕುಳಿತಿರುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ.

ಲ್ಯೂಕೋಫೋಲಿಸ್ ದುಂಬಿ ಏಳುವುದು ಮಳೆಗಾಲ ಕಟ್ಟಿ ನಿಂತ ಮೇಲೆ, ಮುಸ್ಸಂಜೆಯ ಹೆಚ್ಚೆಂದರೆ ಒಂದು ಗಂಟೆಯ ಹೊತ್ತಿನಲ್ಲಿ, ಕೆಲವೇ ವಾರ. ಇದಕ್ಕೆ ಮರದ ಎಲೆಯ ಮೇಲೆ ಅಂಥ ಆಸಕ್ತಿಯಿಲ್ಲ. ಮಲೆನಾಡಿನಲ್ಲಿ ಹೆಚ್ಚಾಗಿರುವ ಲೆಪಿಡೋಫೋರ ಜಾತಿಯ ಬೆಳವಣಿಗೆಗೆ ಎರಡು ವರ್ಷ ಬೇಕು. ಒಂದು ವರ್ಷ ದುಂಬಿ ಹಿಡಿದು, ಮಾರನೆಯ ವರ್ಷವೂ ಹುಳು ಕಂಡಿತೆಂದು ಬೇಸತ್ತು ಬಿಡುವವರು ಈ ಲೆಕ್ಕವನ್ನು ಗಮನಿಸಬೇಕು. ಆಗ ಕಾಣುವುದು ಹಿಂದಿನ ಸಾಲಿನ ಮರಿ. ಬಿಡದೆ ಮೂರು ವರ್ಷವಾದರೂ ನಡೆಸದಿದ್ದರೆ ಫಲ ಕಾಣದು.

ಅಡಿಕೆ ಮರ ಕೇಡನ್ನು ತಡವಾಗಿ ಹೇಳುತ್ತದೆ. ಸೋಗೆ ಹಳದಿಯಾಗುವುದು, ಮರದ ತುದಿ ಸಣ್ಣದಾಗುವುದು, ಕಾಯಿ ಉದುರುವುದು, ಕೈಯಿಂದ ನೂಕಿದರೆ ಬುಡ ಅಲುಗಾಡುವುದು. ಸೋಗೆ ಹಳದಿಯಾಯಿತೆಂದು ಗೊಬ್ಬರದ ಮೇಲೆ ಗೊಬ್ಬರ, ನೀರಿನ ಮೇಲೆ ನೀರು ಕೊಡುವುದನ್ನು ಪ್ರತಿವರ್ಷ ನೋಡುತ್ತಿದ್ದೇನೆ. ತಿನ್ನುವ ಬೇರೇ ಇಲ್ಲದ ಮರಕ್ಕೆ ಗೊಬ್ಬರ ಕೊಟ್ಟು ಏನು ಪ್ರಯೋಜನ? ಮತ್ತೊಂದು ಕಡೆ, ಶೃಂಗೇರಿ ಕೊಪ್ಪಗಳ ಹಳದಿ ಎಲೆ ರೋಗವೇ ಬಂದಿತೆಂದು ಹೆದರಿ ಮರ ಕಡಿಯುವ ಮಾತನಾಡುವವರೂ ಇದ್ದಾರೆ. ನೀರು ನಿಂತರೂ ಸೋಗೆ ಹಳದಿಯಾಗುತ್ತದೆ. ನೆಲ ಗಡುಸಾಗಿ ಬಸಿಯದಿದ್ದರೆ ಹಿಡಿಮುಂಡಿಗೆಯೂ ಬರಬಹುದು. ಯಾವುದೆಂದು ತಿಳಿಯುವುದಕ್ಕೆ ಗುದ್ದಲಿಯೇ ಸಾಕು. ಹಳದಿಯಾದ ಮೂರು ನಾಲ್ಕು ಮರಗಳ ಬುಡದಿಂದ ಒಂದು ಮೊಳ ದೂರದಲ್ಲಿ ಒಂದಡಿ ಆಳ ಅಗೆದು, ಮಣ್ಣನ್ನು ಗೋಣಿಯ ಮೇಲೆ ಹರಡಿ ನೋಡಿ. ಬೇರಿನ ತುದಿಗಳು ಕಡಿದಂತೆ ಮೊಂಡಾಗಿದ್ದು ಹುಳು ಸಿಕ್ಕರೆ ಸಂದೇಹವಿಲ್ಲ.

ಅಂಗಳದ ಹುಲ್ಲು ಮಾತ್ರ ಬೇಗ ಹೇಳುತ್ತದೆ. ನೀರು ಕೊಟ್ಟರೂ ತಟ್ಟೆಯಗಲ, ಮೊರದಗಲ ಹುಲ್ಲು ಒಣಗುವುದು, ಹಿಡಿದೆಳೆದರೆ ಬೇರಿಲ್ಲದ ಕಂಬಳಿಯಂತೆ ಎದ್ದು ಬರುವುದು ಮುಖ್ಯ ಲಕ್ಷಣ. ಕಾಗೆ, ಗೊರವಂಕಗಳು ಒಂದೇ ಜಾಗವನ್ನು ದಿನವೂ ಕೆದಕುತ್ತಿದ್ದರೆ ಅವಕ್ಕೆ ನಮಗಿಂತ ಮೊದಲೇ ಗೊತ್ತಾಗಿದೆ ಎಂದರ್ಥ. ಚದರಡಿಗೆ ಹತ್ತು ಹುಳುವಿರುವ ತನಕ ಆರೋಗ್ಯವಾದ ಹುಲ್ಲು ತಾಳಿಕೊಳ್ಳುತ್ತದೆಂದು ಅಮೆರಿಕದ ಲಾನ್ ಶಾಸ್ತ್ರದಲ್ಲಿ ಹೇಳುವುದುಂಟು. ಅಂಗಳದ ಬೇಲಿಯಾಚೆ ತೋಟವಿರುವ ನಮಗೆ ಆ ಉದಾರತೆ ಹೊಂದುವುದಿಲ್ಲ. ಸದಾ ತೇವವಿರುವ ಹುಲ್ಲುಹಾಸು ಹೆಣ್ಣು ದುಂಬಿಗೆ ಮೊಟ್ಟೆಯಿಡಲು ಹೇಳಿಮಾಡಿಸಿದ ಜಾಗ. ನನ್ನನ್ನು ಕೇಳಿದರೆ ತೋಟದ ಮನೆಗೆ ಲಾನೇ ಬೇಡ, ಸಗಣಿ ಸಾರಿಸಿದ ಅಂಗಳಕ್ಕಿಂತ ಚೆಂದ ಯಾವುದಿದೆ? ಬೇಕೆನ್ನುವವರು ಗರಿಕೆಯ ಬೇರನ್ನು ತೊಳೆದು ನೆಡಿಸಲಿ, ಸುತ್ತಿ ತಂದ ಹಾಸನ್ನು ಇಳಿಸುವ ಮೊದಲು ಬಿಚ್ಚಿ, ತಲೆಕೆಳಗು ಮಾಡಿ ನೋಡಲಿ. ಸಸಿಯ ಪ್ಯಾಕೆಟ್ಟು, ಕೆರೆಯ ಗೋಡು, ಕೊಂಡು ತಂದ ಗೊಬ್ಬರ ಇವಕ್ಕೂ ಇದೇ ಮಾತು.

ಇನ್ನು ಹತೋಟಿಯ ವಿಷಯ. ಅಗ್ಗವಾದದ್ದೂ ಖಂಡಿತವಾದದ್ದೂ ದುಂಬಿಯನ್ನು ಹಿಡಿದು ಕೊಲ್ಲುವುದು. ಒಂದು ಹೆಣ್ಣು ಸಿಕ್ಕಿದರೆ ಹತ್ತಾರು ಮರಿ ಸಿಕ್ಕಂತೆ. ಹದಮಳೆಯಾದ ದಿನದಿಂದ ಸಂಜೆ ಏಳರಿಂದ ಒಂಬತ್ತರ ನಡುವೆ ಬೇವಿನ ಮರದ ಕೆಳಗೆ ಟಾರ್ಪಾಲು ಹಾಸಿ, ಕೊಂಬೆಗಳನ್ನು ದೋಟಿಯಿಂದ ಅಲುಗಾಡಿಸಿದರೆ ದುಂಬಿಗಳು ಉದುರುತ್ತವೆ. ಅವನ್ನು ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್ಟಿಗೆ ಹಾಕಬೇಕು. ಮೂರು ವಾರ ನಡೆಸಬೇಕು. ಅಡಿಕೆ ತೋಟದ ಲ್ಯೂಕೋಫೋಲಿಸಿಗೆ ಮರ ಅಲುಗಾಡಿಸಿ ಫಲವಿಲ್ಲ. ತೋಟದೊಳಗೇ ನಿಂತು ಆ ಒಂದು ಗಂಟೆಯಲ್ಲಿ ತಗ್ಗಿನಲ್ಲಿ ಹಾರುವುದನ್ನೂ ಗಿಡಗಂಟಿಯ ಮೇಲೆ ಕುಳಿತದ್ದನ್ನೂ ಕೈಯಿಂದ ಆರಿಸಬೇಕು.

ಇಲ್ಲಿ ಒಂದು ಎಚ್ಚರಿಕೆ. ದುಂಬಿಯನ್ನು ಆಕರ್ಷಿಸಿ ಹಿಡಿಯುವ ಬಲೆಗಳನ್ನು ಅಮೆರಿಕದ ಮನೆಯವರು ಉತ್ಸಾಹದಿಂದ ತಂದು ತಮ್ಮ ಅಂಗಳದಲ್ಲಿ ನೇತುಹಾಕಿದರು. ಪರೀಕ್ಷಿಸಿದಾಗ ತಿಳಿದದ್ದೇನೆಂದರೆ, ಬಲೆಗೆ ಬೀಳುವುದಕ್ಕಿಂತ ಹೆಚ್ಚು ದುಂಬಿಗಳು ಅಕ್ಕಪಕ್ಕದಿಂದ ಬಂದು ಆ ಅಂಗಳದ ಗಿಡಗಳನ್ನೇ ತಿಂದವು. ದೀಪದ ಬಲೆಯನ್ನು ಒಬ್ಬರೇ ಇಟ್ಟರೆ ನಮಗೂ ಅದೇ ಗತಿಯಾಗಬಹುದು. ಇಡುವುದಾದರೆ ತೋಟದಿಂದ, ಅಂಗಳದಿಂದ ದೂರ, ಬೀಳಿನಲ್ಲಿ ಇಡಿ. ದುಂಬಿಗೆ ಬೇಲಿ ಗೊತ್ತಿಲ್ಲವಾದ್ದರಿಂದ ಒಂದು ಬೀದಿಯವರು, ಒಂದು ಬಯಲಿನವರು ಅದೇ ವಾರ ಒಟ್ಟಾಗಿ ಹಿಡಿಯಬೇಕು. ನಮ್ಮ ಗ್ರಾಮಗಳಲ್ಲಿ ಇದು ಕಷ್ಟದ ಮಾತೆಂದು ಬಲ್ಲೆ. ಕಾಲುವೆಯ ನೀರಿನ ವಿಷಯಕ್ಕೇ ಒಟ್ಟಾಗದವರು ದುಂಬಿಗೆ ಒಟ್ಟಾಗುವರೇ ಎಂದು ಕೇಳುವಿರಿ. ಈ ಮುಂಗಾರಿಗೆ ಹತ್ತು ಮನೆಯವರಾದರೂ ಸೇರಿ ನೋಡಿ.

ಎರಡನೆಯದು ನೆಲದ ಕೆಲಸ. ಬೇಸಿಗೆಯ ಮಾಗಿ ಉಳುಮೆ, ಅಗೆತ ಮಾಡಿದರೆ ಹುಳುಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ಆಹುತಿಯಾಗುತ್ತವೆ. ಅರೆಬೆಂದ ಗೊಬ್ಬರವನ್ನು ಬುಡಕ್ಕೆ ಹಾಕಬಾರದು. ನೀರು ಬಸಿಯುವಂತೆ ಕಪ್ಪು ತೆಗೆದಿರಬೇಕು, ಬೇರು ಮತ್ತೆ ಚಿಗುರುವುದಕ್ಕೆ ಇದು ಅತ್ಯಗತ್ಯ. ಬೇವಿನ ಹಿಂಡಿ ಒಳ್ಳೆಯದು, ಆದರೆ ಅದೊಂದನ್ನೇ ನಂಬಬೇಡಿ.

ಜೀವಿಗಳಿಂದ ಹತೋಟಿ ಈಗ ನಮ್ಮ ಕೈಗೆಟುಕುವಂತಾಗಿದೆ. ಜಪಾನಿ ದುಂಬಿಯ ಮರಿಗೆ ಹಾಲುರೋಗ ತರುವ ಒಂದು ಬ್ಯಾಕ್ಟೀರಿಯವನ್ನು ಅಮೆರಿಕದಲ್ಲಿ 1948ರಷ್ಟು ಹಿಂದೆಯೇ ಮಾರಾಟಕ್ಕೆ ನೋಂದಾಯಿಸಿದರು. ನಮ್ಮಲ್ಲಿ ಮೆಟರೈಜಿಯಮ್ ಎಂಬ ಹಸಿರು ಬೂಷ್ಟಿನ ಪುಡಿ ಸಿಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಸಂಸ್ಥೆಯವರು ಹೆಟರೋರಾಬ್ಡಿಟಿಸ್ ಎಂಬ ಕಣ್ಣಿಗೆ ಕಾಣದ ಜಂತುವನ್ನು ಗೊಣ್ಣೆಹುಳುವಿಗಾಗಿಯೇ ಪುಡಿಯ ರೂಪಕ್ಕೆ ತಂದಿದ್ದಾರೆ. ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯವರೂ ಅಡಿಕೆಯ ಬೇರುಹುಳುವಿನ ಮೇಲೆ ಇಂಥ ಜಂತುಗಳನ್ನು ಪ್ರಯೋಗಿಸಿದ್ದಾರೆ. ಈ ಜಂತು ಹುಳುವಿನೊಳಗೆ ಹೊಕ್ಕು, ತಾನು ಹೊತ್ತು ತಂದ ಬ್ಯಾಕ್ಟೀರಿಯದಿಂದ ಅದನ್ನು ಕೊಂದು, ಅದರ ಹೆಣದಲ್ಲಿಯೇ ಬೆಳೆದು ಮುಂದಿನ ಹುಳುವನ್ನು ಹುಡುಕುತ್ತದೆ. ಮನುಷ್ಯರಿಗೆ, ದನಕರುಗಳಿಗೆ ತೊಂದರೆಯಿಲ್ಲ. ಆದರೆ ಇವು ಜೀವಂತ ವಸ್ತುಗಳು. ಬಿಸಿಲಿಗಿಟ್ಟ ಪೊಟ್ಟಣದಲ್ಲಿ ಸತ್ತಿರುತ್ತವೆ. ಒಣ ನೆಲಕ್ಕೆ ಹಾಕಿದರೂ ಸಾಯುತ್ತವೆ. ತಯಾರಾದ ತಾರೀಖು ನೋಡಿ ಕೊಂಡು, ಸಂಜೆ, ತೇವದ ನೆಲಕ್ಕೆ, ಮರಿಗಳು ಸಣ್ಣವಿರುವಾಗ ಕೊಡಬೇಕು. ಅದೇ ಬುಡಕ್ಕೆ ಅದೇ ವಾರ ಶಿಲೀಂಧ್ರನಾಶಕ ಸುರಿದು ಮೆಟರೈಜಿಯಮ್ ಕೆಲಸ ಮಾಡಲಿಲ್ಲವೆಂದು ದೂರಬಾರದು.

ವಿಷದ ಔಷಧಿ ಕೊನೆಯದು. ಹಿಂದೆ ನೆಲಕ್ಕೆ ಬಿಎಚ್‌ಸಿ ಪುಡಿ ಎರಚುತ್ತಿದ್ದರು. ಅದು 1997ರಲ್ಲಿ ನಿಷೇಧವಾಯಿತು. ಅನಂತರ ಎಲ್ಲರ ಬಾಯಲ್ಲೂ ಫೋರೇಟ್ ಹರಳು. ಅದಕ್ಕೂ 2020ರ ಡಿಸೆಂಬರ್ 31ರಿಂದ ನಿಷೇಧವಿದೆ. ಇಷ್ಟಾದರೂ ಅದನ್ನೇ ಕೇಳಿಕೊಂಡು ಬರುವ ಸದಸ್ಯರಿದ್ದಾರೆ. ಹಳೆಯ ಡಬ್ಬಿ ಅಟ್ಟದ ಮೇಲಿದ್ದರೆ ಉಪಯೋಗಿಸಬೇಡಿ; ಕೊಳವೆಬಾವಿಯ ನೀರನ್ನೇ ಕುಡಿಯುವ ಊರು ನಮ್ಮದು. ಹುಳು ಹೆಚ್ಚಾಗಿ ಬೇರೆ ದಾರಿಯಿಲ್ಲದಿದ್ದರೆ ತೋಟಗಾರಿಕೆ ಇಲಾಖೆಯವರು ಆಯಾ ಕಾಲಕ್ಕೆ ಶಿಫಾರಸು ಮಾಡಿದ ದ್ರವವನ್ನು, ಲೇಬಲಿನಲ್ಲಿರುವ ಪ್ರಮಾಣದಲ್ಲಿ, ಪೀಡಿತ ಮರಗಳ ಬುಡಕ್ಕೆ ಮಾತ್ರ, ಮೇಲ್ಮಣ್ಣು ಸಡಿಲಿಸಿ ಇಂಗಿಸಬೇಕು. ಬೈಫೆಂಥ್ರಿನ್ ಮೀನುಗಳಿಗೆ ಘೋರ ವಿಷ. ಕೆರೆಗೆ ಹರಿಯುವ ಹಳ್ಳದ ದಡದಲ್ಲಿ ಅದನ್ನು ತರಲೇಬಾರದು. ಬಲಿತ ಹುಳುವಿಗೆ ಔಷಧಿ ಅಷ್ಟಾಗಿ ತಗಲುವುದಿಲ್ಲವಾದ್ದರಿಂದ ಸ್ವಾತಿ, ವಿಶಾಖದಲ್ಲಿ ಸುರಿಯುವುದು ಹಣವನ್ನು ಮಣ್ಣಿಗೆ ಸುರಿದಂತೆ. ಮಕ್ಕಳು ಆಡುವ ಅಂಗಳಕ್ಕೆ ಯಾವುದೂ ಬೇಡ. ಅಲ್ಲಿ ಹುಲ್ಲನ್ನು ಎತ್ತಿ, ಹುಳು ಆರಿಸಿ ಕೋಳಿಗೆ ಹಾಕಿ, ಮತ್ತೆ ನೆಟ್ಟರಾಯಿತು.

ತೆಂಗಿನ ಕುರುವಾಯಿಯ ಬಗ್ಗೆ ಬೇರೊಂದು ಸಂಚಿಕೆಯಲ್ಲಿ ಬರೆಯಬೇಕು. ಸದ್ಯಕ್ಕೆ ಇಷ್ಟು: ತಿಪ್ಪೆಯನ್ನು ಎರಡು ಮೂರು ತಿಂಗಳಿಗೊಮ್ಮೆ ತಿರುವಿ ಮರಿಗಳನ್ನು ಆರಿಸಿ, ಸತ್ತ ತೆಂಗಿನ ಬೊಡ್ಡೆಗಳನ್ನು ತೋಟದಲ್ಲಿ ಬಿಡಬೇಡಿ. ಸುಳಿಯ ಸುತ್ತಲಿನ ಗರಿಗಳ ಸಂದಿಗೆ ಮರಕ್ಕೆ 250 ಗ್ರಾಂ ಬೇವಿನ ಹಿಂಡಿಯನ್ನು ಅಷ್ಟೇ ಮರಳಿನೊಡನೆ ವರ್ಷಕ್ಕೆ ಮೂರು ಸಲ ತುಂಬಿ. ನಮಗೆ ಇದು ಮನೆಯ ಕೀಟ. ಆದರೆ ಸಿಂಹಳದಿಂದ ರಬ್ಬರ್ ಸಸಿಗಳ ಜೊತೆ 1909ರಲ್ಲಿ ಸಮೋವ ದ್ವೀಪಕ್ಕೆ ಹೋದ ಇದೇ ದುಂಬಿ ಅಲ್ಲಿಯ ತೆಂಗನ್ನು ಹಾಳುಗೆಡವಿತು. ಈಗ ಗ್ವಾಮ್, ಹವಾಯಿಗಳನ್ನೂ ಮುಟ್ಟಿದೆ. ಅಲ್ಲಿಯೂ ದಾರಿ ಮಾಡಿಕೊಟ್ಟದ್ದು ಸಸಿಯ ಬುಡದ ಮಣ್ಣೇ.

ನಿಮ್ಮ ತೋಟದಲ್ಲಿ ಸಿಕ್ಕಿದ ಹುಳು ಯಾವುದೆಂದು ನಿಶ್ಚಯವಾಗದಿದ್ದರೆ ಹೋಬಳಿಯ ತೋಟಗಾರಿಕೆ ಅಧಿಕಾರಿಗಳಿಗಾಗಲಿ, ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಒಯ್ದು ತೋರಿಸಿ. ನಾಲ್ಕೈದು ಹುಳು, ಸಾಧ್ಯವಾದರೆ ಒಂದೆರಡು ದುಂಬಿ ಇರಲಿ. ಹುಳುಗಳನ್ನು ಸಿಕ್ಕಿದ ಜಾಗದ ತೇವದ ಮಣ್ಣಿನೊಡನೆ, ಒಂದೊಂದನ್ನು ಒಂದೊಂದು ಡಬ್ಬಿಯಲ್ಲಿ ಹಾಕಿ ಒಯ್ಯಬೇಕು. ಒಟ್ಟಿಗೆ ಹಾಕಿದರೆ ದಾರಿಯಲ್ಲಿ ಒಂದನ್ನೊಂದು ಕಚ್ಚಿ ಸಾಯಿಸಿ, ನೀವು ತಲಪುವ ವೇಳೆಗೆ ತೋರಿಸಲು ಕಪ್ಪಾದ ತೊಗಲು ಮಾತ್ರ ಉಳಿದಿರುತ್ತದೆ.